ಕಾಲರಿನ ಸುಕ್ಕು

ಈ ಕಥೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ನಟನೆಯ ವಿಷಯವನ್ನು ರಂಗದ ಮೇಲೆ ನಿಂತು ಬೆವರಿದವರು ಹೇಳಬೇಕು; ಕೆಳಗೆ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡವರು ಹೇಳಿದರೆ ಎಲ್ಲೋ ಒಂದು ಕಡೆ ಎಡವಟ್ಟಾಗುತ್ತದೆ. ಆದರೂ ದೊಡ್ಡಕ್ಕ ಆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಬಗೆಯನ್ನು ಯಾರೂ ಬರೆಯದೆ ಬಿಟ್ಟರೆ ಅದೂ ಒಂದು ತಪ್ಪೇ. ಎರಡು ತಪ್ಪುಗಳಲ್ಲಿ ಚಿಕ್ಕದೆಂದು ತೋರಿದ್ದನ್ನು ಇಲ್ಲಿ ಮಾಡಲಾಗಿದೆ.

ದೊಡ್ಡಕ್ಕ ಒಂದು ಹವ್ಯಾಸಿ ನಾಟಕ ತಂಡದ ಹಿರಿಯ ನಟಿ. ತಂಡಕ್ಕೆ ಸ್ವಂತ ಜಾಗವೆಂಬುದು ಇರಲಿಲ್ಲ. ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿನ ಉಗ್ರಾಣದಲ್ಲಿ, ಗೋಡೆಗೆ ಒರಗಿಸಿಟ್ಟ ಮಂಚಗಳ ನಡುವೆ, ಸಂಜೆ ಕೆಲಸ ಬಿಟ್ಟವರೆಲ್ಲ ಸೇರಿ ತಾಲೀಮು ಮಾಡುತ್ತಿದ್ದರು. ವಾರ್ನಿಷಿನ ವಾಸನೆ ಎಲ್ಲರ ಬಟ್ಟೆಗೂ ಹತ್ತಿಕೊಂಡಿತ್ತು. ಪ್ರದರ್ಶನ ಮಾತ್ರ ಬಾಡಿಗೆಯ ಸಭಾಂಗಣದಲ್ಲಿ.

ಅವರು ಆಡುತ್ತಿದ್ದ ನಾಟಕದ ಕೊನೆಯ ದೃಶ್ಯ ಕೇಳಿದರೆ ಏನೂ ಅಲ್ಲ. ಹೆಂಡತಿ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಿರುತ್ತಾಳೆ. ಗಂಡ ಬನಿಯನ್ನಿನಲ್ಲಿ ಕುರ್ಚಿಯ ಮೇಲೆ ಕೂತು, ತಾನು ಮನೆ ಬಿಟ್ಟು ಹೋಗುತ್ತಿದ್ದೇನೆ, ಮತ್ತೆ ಬರುವುದಿಲ್ಲ ಎಂದು ಹೇಳುತ್ತಾನೆ. ಅವಳು ಇಸ್ತ್ರಿ ಮುಗಿಸುತ್ತಾಳೆ. ಅವನು ಎದ್ದು ಕೈ ಚಾಚುತ್ತಾನೆ, ಅವಳು ಅಂಗಿ ಕೊಡುತ್ತಾಳೆ, ಅವನು ಅದನ್ನೇ ತೊಟ್ಟುಕೊಂಡು ಹೊರಟುಹೋಗುತ್ತಾನೆ. ಹೆಂಡತಿಗೆ ಇರುವ ಮಾತು ಬೆರಳೆಣಿಕೆಯಷ್ಟು.

ಈ ದೃಶ್ಯದಲ್ಲಿ ದೊಡ್ಡಕ್ಕ ಒಮ್ಮೆಯೂ ಅಳುತ್ತಿರಲಿಲ್ಲ. ನೀರು ಚಿಮುಕಿಸಿ ಸುತ್ತಿಟ್ಟ ಅಂಗಿಯನ್ನು ಬಿಡಿಸಿ, ಬೆನ್ನು, ತೋಳು, ಕೊನೆಗೆ ಕಾಲರು ಎಂದು ಕ್ರಮವಾಗಿ ಇಸ್ತ್ರಿ ಮಾಡುತ್ತಿದ್ದರು. ಇಸ್ತ್ರಿಪೆಟ್ಟಿಗೆ ನಿಜವಾಗಿಯೂ ಕಾದಿರಬೇಕು, ಅಂಗಿ ನಿಜವಾಗಿಯೂ ಸುಕ್ಕಾಗಿರಬೇಕು ಎಂಬುದು ಅವರ ಹಟ. “ನಾಟಕದಲ್ಲಿ ಮನುಷ್ಯರು ಬೇಕಾದ್ರೆ ಸುಳ್ಳು ಹೇಳ್ಲಿ, ಸಾಮಾನು ಹೇಳಬಾರದು” ಎನ್ನುತ್ತಿದ್ದರು. ಗಂಡ “ನಿನ್ನ ಮೇಲೆ ನನಗೆ ಸಿಟ್ಟಿಲ್ಲ” ಎಂದು ಹೇಳಿದ ಸ್ವಲ್ಪ ಹೊತ್ತಿಗೆ ಅವರು ಅಂಗಿಯ ಕಾಲರನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ಒಂದಿಷ್ಟು ವಾಲಿಸಿ, ಮುಖದ ಹತ್ತಿರ ತರುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಕೆಳಗಿಟ್ಟು ಮತ್ತೆ ಇಸ್ತ್ರಿ. ಆ ಒಂದು ಉಸಿರಿಗೆ ಸಭಾಂಗಣದಲ್ಲಿ ಮೂಗೇರಿಸುವ ಸದ್ದು ಕೇಳಿಸುತ್ತಿತ್ತು. ಬಿಟ್ಟುಹೋಗುವ ಗಂಡನ ಮೈವಾಸನೆಯನ್ನು ಕೊನೆಯ ಸಲ ಎದೆಗೆ ತುಂಬಿಕೊಳ್ಳುತ್ತಿದ್ದಾಳೆ ಎಂದು ಒಬ್ಬ ವಿಮರ್ಶಕರು ಬರೆದರು. ಆಮೇಲೆ ಅದನ್ನು ನೋಡಲೆಂದೇ ಜನ ಬರತೊಡಗಿದರು.

ಅದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ಕನ್ನಡಕದವಳು. ಹಗಲು ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗಳ ಮೂಗಿಗೂ ಕಿವಿಗೂ ಚೌಕಟ್ಟು ಹೊಂದಿಸುವುದು. ಅವಳ ಕಣ್ಣು ಚೆನ್ನಾಗಿಯೇ ಇತ್ತು, ಕನ್ನಡಕವಿರಲಿಲ್ಲ, ಆದರೂ ತಂಡದಲ್ಲಿ ಅವಳಿಗೆ ಅದೇ ಹೆಸರು ಅಂಟಿಕೊಂಡಿತ್ತು. ನಾಟಕದ ಮೊದಲ ಅಂಕದಲ್ಲಿ ಪಕ್ಕದ ಮನೆಯವಳಾಗಿ ಬಂದು ಏಣಿ ಕೇಳಿಕೊಂಡು ಹೋಗುವ ಪಾತ್ರ ಅವಳದು. ಏಣಿ ಕೇಳಿಯಾದ ಮೇಲೆ ಅವಳು ಬಣ್ಣ ಒರೆಸಿಕೊಳ್ಳಲೂ ಹೋಗದೆ ಪಕ್ಕದ ಪರದೆಯ ಹಿಂದೆ ನಿಂತು ದೊಡ್ಡಕ್ಕನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನೂ ಆಗುತ್ತಿರಲಿಲ್ಲ, ಆದರೂ ಎಲ್ಲವೂ ಆಗುತ್ತಿತ್ತು. ಅದು ಹೇಗೆಂದು ಅವಳಿಗೆ ತಿಳಿಯಬೇಕಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಹಾಗೆ ಸುಳ್ಳಿಲ್ಲದೆ ರಂಗದ ಮೇಲೆ ನಿಲ್ಲಬೇಕೆಂಬ ಆಸೆ ಅವಳಿಗಿತ್ತು. ಗಂಡನ ಹತ್ತಿರವೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಒಂದು ಸಂಜೆ ಉಗ್ರಾಣದಲ್ಲಿ ದೊಡ್ಡಕ್ಕ ಚಹಾ ಬಗ್ಗಿಸುತ್ತಿದ್ದಾಗ ಅದು ಲೋಟದ ಅಂಚಿಗೆ ತಗಲಿ ಹೊರಗೆ ಚೆಲ್ಲಿತು. ಕನ್ನಡಕದವಳಿಗೆ ಅನುಮಾನ ಬಂತು.

“ದೊಡ್ಡಕ್ಕಾ, ಎಡಗಣ್ಣು ಮುಚ್ಕೊಂಡು ಆ ಕ್ಯಾಲೆಂಡರ್ ಓದಿ ನೋಡೋಣ.”

“ಯಾಕೆ, ಅಂಗಡಿಗೆ ಗಿರಾಕಿ ಕಮ್ಮಿಯಾದ್ರಾ?” ಎಂದರೂ ದೊಡ್ಡಕ್ಕ ಎಡಗಣ್ಣು ಮುಚ್ಚಿದರು. “ಹ್ಞೂ, ಮುಚ್ಚಿದೆ. ಎಲ್ಲಿದೆ ಕ್ಯಾಲೆಂಡರು?”

ಕ್ಯಾಲೆಂಡರು ಅವರ ಮೂಗಿನ ಎದುರಿಗೇ ನೇತಾಡುತ್ತಿತ್ತು.

ಬಲಗಣ್ಣಿನಲ್ಲಿ ಪೊರೆ ಬಲಿತಿತ್ತು. ಶಸ್ತ್ರಚಿಕಿತ್ಸೆ ಆಯಿತು. ಕೆಲವು ವಾರ ಬಗ್ಗಬಾರದು, ಆವಿ ತಾಗಿಸಿಕೊಳ್ಳಬಾರದು, ರಂಗದ ದೀಪಗಳ ಹತ್ತಿರ ಸುಳಿಯಬಾರದು ಎಂದರು ವೈದ್ಯರು. ಆದರೆ ಆ ಶನಿವಾರದ ಪ್ರದರ್ಶನಕ್ಕೆ ಸಭಾಂಗಣ ಗೊತ್ತುಮಾಡಿ ಆಗಿತ್ತು, ಟಿಕೆಟ್ಟುಗಳೂ ಖರ್ಚಾಗಿದ್ದವು. ನಾಟಕವೆಲ್ಲ ಬಾಯಿಪಾಠ ಇದ್ದವಳು ಕನ್ನಡಕದವಳೊಬ್ಬಳೇ.

“ಏನು ತಾಯೀ, ಪಾತ್ರ ಬೇಕಿದ್ರೆ ಬಾಯಿಬಿಟ್ಟು ಕೇಳಬಹುದಿತ್ತಪ್ಪ, ಕಣ್ಣಿಗೇ ಕೈ ಹಾಕಬೇಕಿತ್ತಾ?” ಎಂದರು ಹಲ್ಲಿನ ಡಾಕ್ಟರು. ಅವರು ಗಂಡನ ಪಾತ್ರಧಾರಿ. ಹಗಲೆಲ್ಲ ಇನ್ನೊಬ್ಬರ ಬಾಯಿಯೊಳಗೆ ಕೈಯಿಟ್ಟು ಮಾತಾಡಿಸದೆ ಕೂರಿಸುವವರು. ಅದಕ್ಕೇ ಸಂಜೆಯಾದರೆ ಅವರ ಮಾತಿಗೆ ತಡೆಯಿಲ್ಲ ಎಂದು ತಂಡದವರು ನಗುತ್ತಿದ್ದರು. ಎಲ್ಲರ ಜೊತೆ ಕನ್ನಡಕದವಳೂ ನಕ್ಕಳು. ಆದರೆ ಪಾತ್ರ ಬೇಕೆಂಬ ಆಸೆ ತನಗಿದ್ದದ್ದು ನಿಜವೇ ಎಂದು ಅವಳಿಗೆ ಗೊತ್ತಿತ್ತು.

ನಿರ್ದೇಶಕರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒಂದು ಕಾಲಕ್ಕೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು, ಮಿತಭಾಷಿ. ಅವರು ಒಂದೇ ಮಾತು ಹೇಳಿದರು: “ಗುರುವಾರದ ತಾಲೀಮು ನೋಡ್ತೀನಮ್ಮ. ಸರಿಹೋದ್ರೆ ಇದೇ ನಾಟಕ. ಇಲ್ಲಾಂದ್ರೆ ಹಳೇ ಹಾಸ್ಯನಾಟಕ ಆಡೋಣ. ದೊಡ್ಡಕ್ಕನ ಜಾಗದಲ್ಲಿ ಅರೆಬರೆ ಮಾಡೋದು ಬೇಡ.”

ಹಳೆಯ ಹಾಸ್ಯನಾಟಕದಲ್ಲಿ ಡಾಕ್ಟರೇ ನಾಯಕರು. ಅವರ ಮೀಸೆಯ ತುದಿ ಸ್ವಲ್ಪ ಮೇಲಕ್ಕೆ ಹೋದದ್ದನ್ನು ಎಲ್ಲರೂ ನೋಡಿದರು.

ಮೊದಲ ತಾಲೀಮಿನಲ್ಲಿ ಕನ್ನಡಕದವಳು ದೊಡ್ಡಕ್ಕನನ್ನು ಪಡಿಯಚ್ಚಿನಲ್ಲಿ ತೆಗೆದಂತೆ ಮಾಡಿ ತೋರಿಸಿದಳು. ಉಗ್ರಾಣದ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಹಾರಿಹೋಗುತ್ತಿತ್ತು, ಹಾಗಾಗಿ ತಾಲೀಮಿನಲ್ಲಿ ತಣ್ಣನೆಯ ಪೆಟ್ಟಿಗೆಯೇ. ಅದೇ ನಡಿಗೆ, ಅದೇ ತಗ್ಗಿದ ದನಿ, ಅದೇ ಕಡೆ ಕಾಲರನ್ನು ಎತ್ತಿ, ಅಷ್ಟೇ ತಲೆ ವಾಲಿಸಿ, ಅಷ್ಟೇ ಹೊತ್ತು. ಕಣ್ಣಂಚಿನಲ್ಲಿ ನೀರನ್ನೂ ತಂದುಕೊಂಡಳು. ಅದು ದೊಡ್ಡಕ್ಕನ ಲೆಕ್ಕಕ್ಕಿಂತ ಒಂದು ಹೆಚ್ಚೇ.

ದೃಶ್ಯ ಮುಗಿಯಿತು. ಮೇಷ್ಟ್ರು ಕಿವಿ ತುರಿಸಿಕೊಂಡು ಚಹಾಕ್ಕೆ ಹೇಳಿದರು.

“ಒಂದು ಮಾತು ಕೇಳ್ಲಾ?” ಎಂದರು ಡಾಕ್ಟರು. “ಇವತ್ತು ನಾನು ನಡುವೆ ಎರಡು ಮಾತು ನುಂಗಿಬಿಟ್ಟೆ. ಬೇಕಂತಲೇ. ಗೊತ್ತಾಯ್ತಾ ನಿಮಗೆ?”

ಅವಳಿಗೆ ಗೊತ್ತಾಗಿರಲಿಲ್ಲ.

“ನೋಡಿ, ನಾನು ಅಲ್ಲಿ ಕೂತು ಮನೆ ಬಿಟ್ಟು ಹೋಗ್ತಿದೀನಿ. ನಿಮಗೆ ಸುದ್ದಿಯೇ ಇಲ್ಲ. ಪಾಠ ಒಪ್ಪಿಸ್ತಾ ಇದೀರಿ. ಅರವಳಿಕೆ ಕೊಟ್ಟ ದವಡೆ ಜೊತೆ ಮಾತಾಡಿದ ಹಾಗಾಯ್ತು ನನಗೆ.”

ಅವಳ ಮುಖ ಕೆಂಪಾಯಿತು. ಸಿಟ್ಟು ಬಂದದ್ದು ಡಾಕ್ಟರ ಮೇಲಲ್ಲ. ಅವರು ಹೇಳಿದ್ದು ನಿಜವೆಂದು ತಕ್ಷಣ ತಿಳಿದುಬಿಟ್ಟಿದ್ದರಿಂದ.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅಡುಗೆಮನೆಯ ಪಕ್ಕದ ಕಿರುಕೋಣೆಯಲ್ಲಿ ಮೇಜಿನ ಮೇಲೆ ಕಂಬಳಿ ಮಡಿಸಿ ಹಾಕಿ, ಮನೆಯವರೆಲ್ಲರ ಅಂಗಿಗೂ ಇಸ್ತ್ರಿ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

“ಇಸ್ತ್ರಿ ಮಾಡಿದ್ದಕ್ಕೇ ಮತ್ತೆ ಇಸ್ತ್ರಿ ಮಾಡ್ತಿದೀಯಲ್ಲಮ್ಮ. ಅಂಗಿ ಎಲ್ಲ ಮುಗೀತು, ಇನ್ನು ಮಸಿಬಟ್ಟೆ ತಂದುಕೊಡ್ಲಾ?”

“ಅಭ್ಯಾಸ ಅತ್ತೆ. ಶನಿವಾರ ನಾಟಕ ಇದೆ.”

“ಅಲ್ಲಿ ಗಂಡ ಬಿಟ್ಟು ಹೋಗ್ತಾನಂತೆ?”

“ಹ್ಞೂ.”

“ಇಸ್ತ್ರಿ ಮಾಡಿಕೊಟ್ಟು ಕಳಿಸೋದಂತೆ! ನಾನಾಗಿದ್ರೆ ಅಂಗೀನೇ ಬಚ್ಚಿಡ್ತಿದ್ದೆ. ಬನಿಯನ್ನಲ್ಲಿ ಎಷ್ಟು ದೂರ ಹೋಗ್ತಿದ್ದ, ನೋಡೇಬಿಡ್ತಿದ್ದೆ.”

ಅಷ್ಟರಲ್ಲಿ ಆ ಜಾಗ ಬಂತು. ಅವಳು ಎಡಗೈಯಲ್ಲಿ ಕಾಲರನ್ನು ಎತ್ತಿ, ತಲೆ ವಾಲಿಸಿ, ಮುಖದ ಹತ್ತಿರ ತಂದು, ಕಣ್ಣು ಮುಚ್ಚಿದಳು. ಬಲಗೈಯ ಇಸ್ತ್ರಿಪೆಟ್ಟಿಗೆ ತೋಳಿನ ಮೇಲೆ ಹಾಗೇ ಕೂತಿತ್ತು.

“ಏನೋ ಸುಟ್ಟ ವಾಸನೆ” ಎಂದರು ಅತ್ತೆ.

ಗಂಡನ ಕೆಲಸದ ಅಂಗಿ. ತೋಳಿನ ಮೇಲೆ ಪೆಟ್ಟಿಗೆಯ ಮೂತಿ ಕಂದುಬಣ್ಣದಲ್ಲಿ ಅಚ್ಚಾಗಿತ್ತು. ಲಿಫ್ಟು ರಿಪೇರಿ ಮಾಡುವ ಅವಳ ಗಂಡ ಬಂದು ಅದನ್ನು ಬೆಳಕಿಗೆ ಹಿಡಿದು ನೋಡಿದ. “ಹೋಗ್ಲಿ ಬಿಡು, ತೋಳು ಮಡಿಸಿಕೊಳ್ತೀನಿ. ಆದ್ರೆ ಅಲ್ಲಿ ಆ ಡಾಕ್ಟ್ರು ಅಂಗಿ ಒಳಗಿರುವಾಗ ಹೀಗೆ ಮಾಡಬೇಡ. ನಾಳೆ ಹಲ್ಲು ನೋವು ಬಂದ್ರೆ ಅವರ ಹತ್ರಾನೇ ಹೋಗಬೇಕು.”

ಅವಳು ನಗುತ್ತಾಳೆಂದುಕೊಂಡಿದ್ದ. ಅವಳು ಅತ್ತುಬಿಟ್ಟಳು. ಇಷ್ಟು ವರ್ಷ ಪರದೆಯ ಹಿಂದೆ ನಿಂತು ನೋಡಿದ್ದರಲ್ಲಿ ಕೈಗೆ ಬಂದದ್ದು ಇಷ್ಟೇ ಎಂದರೆ ತಾನು ಏಣಿ ಕೇಳಲಿಕ್ಕೇ ಸರಿ ಎನ್ನಿಸಿತು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳು ದೊಡ್ಡಕ್ಕನ ಮನೆಗೆ ಹೋದಳು. ಒಂಟಿ ಕೋಣೆ, ಕಿಟಕಿಗೆ ದಪ್ಪ ಪರದೆ. ದೊಡ್ಡಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬೆನ್ನು ನೇರ ಮಾಡಿ ಕೂತಿದ್ದರು.

“ಬಾರೇ. ಬಗ್ಗಬಾರದಂತೆ ನೋಡು, ರಾಜಕುಮಾರಿ ಹಾಗೆ ಕೂತಿದೀನಿ. ನೆಲಕ್ಕೆ ಬಿದ್ದದ್ದೆಲ್ಲ ನೆಲದ್ದೇ ಈಗ.”

ಕನ್ನಡಕದವಳು ಬಿದ್ದಿದ್ದ ಬಾಚಣಿಗೆ, ಪತ್ರಿಕೆ ಎತ್ತಿಟ್ಟಳು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು, ಸುಟ್ಟ ತೋಳಿನವರೆಗೆ. ದೊಡ್ಡಕ್ಕ ಹಾಸಿಗೆಯ ಮೇಲಿದ್ದ ತಮ್ಮದೇ ಒಂದು ರವಿಕೆಯನ್ನು ಕೊಟ್ಟು, “ಮಾಡಿ ತೋರಿಸು” ಎಂದರು. ಅವಳು ಮೇಜಿನ ಮೇಲೆ, ಇಲ್ಲದ ಪೆಟ್ಟಿಗೆಯಲ್ಲಿ ಮಾಡಿ ತೋರಿಸಿದಳು. ಮುಖದ ಹತ್ತಿರ ತಂದು ಕಣ್ಣು ಮುಚ್ಚಿದಾಗ ದೊಡ್ಡಕ್ಕ, “ಅದೇನದು?” ಎಂದರು.

“ಅದೇ ದೊಡ್ಡಕ್ಕ. ವಾಸನೆ ನೋಡೋದು.”

“ಯಾರ ವಾಸನೆ?”

“ಗಂಡನ್ದು. ನೀವು ಮಾಡ್ತೀರಲ್ಲ. ಪೇಪರಿನಲ್ಲೂ ಬಂದಿತ್ತಲ್ಲ.”

ದೊಡ್ಡಕ್ಕನಿಗೆ ನಗು ಉಕ್ಕಿಬಂತು. ನಗಬಾರದು, ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು ನಕ್ಕರು. “ಒಗೆದ ಅಂಗಿ ಕಣೇ ಅದು! ಸೋಪಿನ ವಾಸನೆ ಬಿಟ್ಟು ಇನ್ನೇನು ಬರುತ್ತೆ? ಬಲಗಣ್ಣು ಮಂಜು, ನನಗೆ ಸುಕ್ಕು ಕಾಣ್ತಿರ್ಲಿಲ್ಲ. ಪಕ್ಕದ ದೀಪ ಕಣ್ಣಿಗೆ ಬಡಿದ್ರೆ ಎಲ್ಲ ಬಿಳೀ ಬಿಳೀ. ಕಾಲರು ಸರಿಹೋಯ್ತಾ ಇಲ್ವಾ ಅಂತ ಎತ್ತಿ ನೋಡ್ತಿದ್ದೆ.”

ಕನ್ನಡಕದವಳು ರವಿಕೆಯನ್ನು ಮುಖದಿಂದ ಕೆಳಗಿಳಿಸಿದಳು. ದಿನವೂ ಅಂಗಡಿಯಲ್ಲಿ ಜನ ತಲೆ ವಾಲಿಸಿಕೊಂಡು, ವಸ್ತುವನ್ನು ಮುಖದ ಹತ್ತಿರ ಹಿಡಿದುಕೊಂಡು ನೋಡುವುದನ್ನು ಕಂಡವಳು. ಲೋಟದ ಹತ್ತಿರ ಕಂಡದ್ದು ರಂಗದ ಮೇಲೆ ಕಂಡಿರಲಿಲ್ಲ. ಅವಳು ಇಷ್ಟು ದಿನ ಪೊರೆಯನ್ನು ಅಭ್ಯಾಸ ಮಾಡಿದ್ದಳು.

“ಮತ್ತೆ ಪೆಟ್ಟಿಗೆ?” ಎಂದಳು, ಮೆಲ್ಲಗೆ.

“ಮೊದಲು ಎತ್ತಿ ನಿಲ್ಲಿಸ್ತಿದ್ದೆ. ಸುಟ್ಟುಹೋಗಲ್ವಾ? ನೋಡಿಲ್ವಾ ನೀನು?”

“ಮುಖ ನೋಡ್ತಿದ್ದೆ.”

“ಅದೇ ತಪ್ಪು ಮಾಡಿದ್ದು. ಮುಖದಲ್ಲಿ ಏನಿದೆ? ನಾನೂ ಕೈಯೇ ನೋಡ್ಕೊಳ್ತಿದ್ದೆ.” ದೊಡ್ಡಕ್ಕ ರವಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು. “ಎರಡು ಕೆಲಸ ಇದೆ ನಿನಗೆ. ಅವನು ಹೇಳೋದು ಕೇಳಬೇಕು. ಅವನು ಹೋಗೋದರೊಳಗೆ ಅಂಗಿ ಆಗಬೇಕು. ಮೂರನೇದು ಮಾಡಬೇಡ.”

“ಮತ್ತೆ ದುಃಖ?”

“ಬಂದ್ರೆ ಬರುತ್ತೆ. ಬರದಿದ್ರೆ ಇಸ್ತ್ರಿಯಾದ್ರೂ ಆಗಿರುತ್ತೆ. ನನಗೆ ಕಾಣದ್ದಕ್ಕೆ ಹತ್ತಿರ ಹಿಡಿದೆ. ನಿನಗೆ ಕಾಣುತ್ತಲ್ಲ, ದೂರದಿಂದಲೇ ನೋಡು.”

“ಜನ ಅದನ್ನೇ ನೋಡೋಕೆ ಬರ್ತಾರೆ ದೊಡ್ಡಕ್ಕ.”

“ಬಂದು ಬೇರೆ ಏನಾದ್ರೂ ನೋಡಿಕೊಂಡು ಹೋಗ್ಲಿ. ಕಣ್ಣಿಗೆ ಔಷಧಿ ಹನಿಸಿ ಹೋಗು ಒಂದಿಷ್ಟು.”

ಅವಳು ಬಾಟಲಿ ತೆಗೆದು ಹನಿಸಿದಳು. ಕಪ್ಪು ಕನ್ನಡಕವಿಲ್ಲದ ದೊಡ್ಡಕ್ಕನ ಮುಖ ಎಂದಿಗಿಂತ ಚಿಕ್ಕದಾಗಿ ಕಂಡಿತು. ಇಂಥ ಹೆಂಗಸು ಪ್ರತಿ ಪ್ರದರ್ಶನದಲ್ಲೂ ಕಣ್ಣು ಸರಿಯಾಗಿ ಕಾಣದೆ, ಕಾದ ಪೆಟ್ಟಿಗೆ ಕೈಯಲ್ಲಿ ಹಿಡಿದು, ಯಾರಿಗೂ ಹೇಳದೆ, ಒಂದು ಅಂಗಿಯನ್ನು ಸರಿಯಾಗಿ ಮಾಡಿ ಮುಗಿಸಲು ಒದ್ದಾಡುತ್ತಿದ್ದರು. ಜನ ಅತ್ತದ್ದು ಆ ಒದ್ದಾಟಕ್ಕೆ ಎಂದು ಆಗ ಅವಳಿಗೆ ಅನ್ನಿಸಿತು. ಮೆಚ್ಚಿಕೆ ಕಡಿಮೆಯಾಗುವ ಬದಲು ಎದೆಯಲ್ಲಿ ಹಿಡಿಸದಷ್ಟಾಯಿತು.

ಗುರುವಾರದ ತಾಲೀಮು ಕೆಟ್ಟುಹೋಯಿತು. ನಕಲು ಬಿಟ್ಟದ್ದಾಯಿತು, ಅದರ ಜಾಗಕ್ಕೆ ಏನೂ ಬಂದಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳು ಒಂದೇ ತೋಳಿಗೆ ಮತ್ತೆ ಮತ್ತೆ ಇಸ್ತ್ರಿ ಉಜ್ಜಿದಳು. ನಡುವೆ ಡಾಕ್ಟರು, “ನಿನ್ನ ಮೇಲೆ ನನಗೆ ಸಿಟ್ಟಿಲ್ಲ” ಎಂದರು. ಪರದೆಯ ಹಿಂದಿನಿಂದ ಅದೆಷ್ಟು ಸಲ ಕೇಳಿದ ಮಾತು. ಆದರೆ ಸಿಟ್ಟು ಕೂಡ ಇಲ್ಲದಷ್ಟು ಅವನು ಆಗಲೇ ದೂರ ಹೋಗಿಬಿಟ್ಟಿದ್ದಾನೆ ಎಂದು ಅವತ್ತು ಮೊದಲ ಸಲ ಅವಳ ಕಿವಿಗೆ ಬಿತ್ತು. ತಲೆಯೆತ್ತಿ ನೋಡಿದಳು. ಅವಳ ಮಾತು ಮರೆತೇ ಹೋಯಿತು. ಮೇಷ್ಟ್ರು ಕಾದರು, ಅವಳಿಗೆ ನೆನಪಾಗಲಿಲ್ಲ. ದೃಶ್ಯ ಅಲ್ಲಿಗೇ ನಿಂತಿತು.

“ಹಾಸ್ಯನಾಟಕದ ಬಟ್ಟೆಗಂಟು ಬಿಚ್ಚಿಸ್ತೀನಿ, ಮೇಷ್ಟ್ರೇ” ಎಂದಳು ಅವಳೇ.

ಮೇಷ್ಟ್ರು ಡಾಕ್ಟರ ಕಡೆ ನೋಡಿದರು. ಡಾಕ್ಟರು ಮೀಸೆ ಸವರಿಕೊಂಡರು. ಹಾಸ್ಯನಾಟಕವೆಂದರೆ ಅವರಿಗೆ ಪ್ರಾಣ.

“ಬೇಡ ಮೇಷ್ಟ್ರೇ, ಇದನ್ನೇ ಆಡೋಣ” ಎಂದರು. “ಇವರು ಹಾಗೆ ನೋಡಿದ್ರಲ್ಲ, ಆಗ ನನಗೆ ಇನ್ನೊಂದು ಮಾತು ಆಡೋಕೆ ಬಾಯಿ ಬರಲಿಲ್ಲ. ನಾಚಿಕೆಯಾಯ್ತು. ಇಷ್ಟು ದಿನ ಈ ಪಾತ್ರ ಮಾಡಿ ನನಗೆ ನಾಚಿಕೆ ಆಗಿರ್ಲಿಲ್ಲ.”

“ಶನಿವಾರ ಮಾತು ಮರೆತ್ರೆ?” ಎಂದರು ಮೇಷ್ಟ್ರು.

“ಮರೆತ್ರೆ ಇಸ್ತ್ರಿ ಮಾಡ್ತಾ ಇರ್ಲಿ. ನಾನು ಕೂತಿರ್ತೀನಿ. ನಮ್ಮ ದವಾಖಾನೇಲಿ ಜನ ಕಾಯಲ್ವಾ?”

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ, ದೀಪಗಳಿಂದ ದೂರ, ಕಪ್ಪು ಕನ್ನಡಕದ ದೊಡ್ಡಕ್ಕ. ಅವರ ಪಕ್ಕದಲ್ಲಿ ಅತ್ತೆ. ಏಣಿ ಕೇಳಲು ಮೇಷ್ಟ್ರ ತಂಗಿಯನ್ನೇ ಹಿಡಿದು ತಂದಿದ್ದರು. ಕನ್ನಡಕದವಳು ಅಂಗಿಗೆ ನೀರು ಚಿಮುಕಿಸುವಾಗ ಗಡಿಬಿಡಿಯಲ್ಲಿ ಚೊಂಬು ವಾಲಿ ಒಂದು ತೋಳು ತೊಯ್ದೇಹೋಗಿತ್ತು. ಬದಲಿಸಲು ಹೊತ್ತಿರಲಿಲ್ಲ, ಹಾಗೇ ಸುತ್ತಿಟ್ಟಿದ್ದಳು.

ಕೊನೆಯ ದೃಶ್ಯ ಬಂತು. ಅಂಗಿ ಬಿಡಿಸಿದಳು. ಕಾದ ಪೆಟ್ಟಿಗೆ ಒದ್ದೆ ಬಟ್ಟೆಗೆ ತಾಗಿ ಚುಯ್ ಎಂದಿತು, ಆವಿ ಎದ್ದಿತು. ಡಾಕ್ಟರು ಮಾತು ಶುರು ಮಾಡಿದರು. ಅವಳು ಕೇಳಿದಳು. ಕೇಳುತ್ತ ಬೆನ್ನು, ತೋಳು ಮುಗಿಸಿದಳು. “ನಿನ್ನ ಮೇಲೆ ನನಗೆ ಸಿಟ್ಟಿಲ್ಲ” ಎಂದಾಗ ಅವಳ ಕೈ ನಿಂತಿತು, ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿತು, ಮತ್ತೆ ಹಿಡಿಯಿತು. ಕಾಲರು ಮುಖದ ಹತ್ತಿರ ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಅದಕ್ಕೇ ಕಾದಿದ್ದವರು ಅಸಮಾಧಾನದಿಂದ ಕದಲಿದರು. ಅವಳ ಕಿವಿಗೆ ಅದೂ ಬಿತ್ತು. ಮೂರನೆಯ ಕೆಲಸ ಮಾಡಬಾರದು ಎಂದುಕೊಂಡು ಕಾಲರು ಮುಗಿಸಿದಳು.

ಡಾಕ್ಟರು ಎದ್ದು ಬಂದು ಕೈ ಚಾಚಿದರು.

ಅಂಗಿ ಎತ್ತಿಕೊಡಲು ಹೋದವಳ ಬೆರಳಿಗೆ ಒದ್ದೆ ತೋಳು ತಾಗಿತು. ಇನ್ನೂ ಹಸಿ. ಹೊರಗೆ ಹೋಗುವ ಮನುಷ್ಯನಿಗೆ ಹಸಿ ಅಂಗಿ ಕೊಡುವುದು ಹೇಗೆ? ಅವಳು ಯೋಚಿಸಲಿಲ್ಲ. ಅಂಗಿಯನ್ನು ಮತ್ತೆ ಹಾಸಿ, ಪೆಟ್ಟಿಗೆ ಎತ್ತಿ, ನಾಟಕದಲ್ಲಿ ಇಲ್ಲದ ಮಾತೊಂದನ್ನು, ಮನೆಯಲ್ಲಿ ಗಂಡನಿಗೆ ಹೇಳುವ ದನಿಯಲ್ಲೇ ಹೇಳಿದಳು:

“ತಡೀರಿ, ತೋಳು ಹಸಿ ಇದೆ.”

ನಾಟಕದ ಗಂಡ ಕೈ ಚಾಚಿಕೊಂಡೇ ನಿಂತ. ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಆಗದು, ಹೊರಡಲೂ ಆಗದು. ಬನಿಯನ್ನಿನಲ್ಲಿ ನಿಂತ ಮನುಷ್ಯ, ತಾನು ಬಿಟ್ಟುಹೋಗುತ್ತಿರುವವಳು ತನ್ನ ಅಂಗಿಯ ತೋಳು ಒಣಗಿಸುವುದನ್ನು ನೋಡುತ್ತ ಕಾದ. ಅವಳು ಅವಸರ ಮಾಡಲಿಲ್ಲ, ತಡವನ್ನೂ ಮಾಡಲಿಲ್ಲ. ಆವಿ ಎದ್ದಿತು, ತೆಳುವಾಯಿತು, ನಿಂತಿತು. ಡಾಕ್ಟರು ಮೆಲ್ಲಗೆ ತಲೆ ತಗ್ಗಿಸಿದರು. ಅಂಗೈಯಿಂದ ತೋಳನ್ನು ಮುಟ್ಟಿ ನೋಡಿ ಅವಳು ಅಂಗಿಯನ್ನು ಕೊಟ್ಟಳು. ಅವನು ತೊಟ್ಟುಕೊಂಡು ಹೋದ. ಅವಳು ಪ್ಲಗ್ಗು ಕಿತ್ತಳು.

ಚಪ್ಪಾಳೆ ಆಮೇಲೆ ಬಂತು, ತಡವಾಗಿ, ಬಂದ ಮೇಲೆ ನಿಲ್ಲಲಿಲ್ಲ.

ಬಣ್ಣದ ಕೋಣೆಗೆ ಮೊದಲು ನುಗ್ಗಿದವರು ಅತ್ತೆ. “ಕೊಟ್ಟೇಬಿಟ್ಯಲ್ಲೇ! ನಾನು ಹೇಳಿದ್ದೇನು?” ಎಂದು ಸೊಸೆಯ ಕೈ ಹಿಡಿದುಕೊಂಡು ಕೂತುಬಿಟ್ಟರು. ಬೈಯುತ್ತಿದ್ದರೋ ಅಳುತ್ತಿದ್ದರೋ ಅವರಿಗೇ ಗೊತ್ತಾಗುತ್ತಿರಲಿಲ್ಲ. ಹಿಂದೆಯೇ ದೊಡ್ಡಕ್ಕ ಗೋಡೆ ಹಿಡಿದುಕೊಂಡು ಬಂದರು. ಡಾಕ್ಟರು ಇನ್ನೂ ಅದೇ ಅಂಗಿಯಲ್ಲಿದ್ದರು. ದೊಡ್ಡಕ್ಕ ಅವರ ತೋಳನ್ನು ಬೆರಳಲ್ಲಿ ಮುಟ್ಟಿ ನೋಡಿ, ತಲೆಯಾಡಿಸಿ, ಕನ್ನಡಕದವಳ ಕಡೆ ತಿರುಗಿದರು.

“ಮುಂದಿನ ವಾರವೂ ನೀನೇ ಮಾಡು” ಎಂದರು. “ಕಣ್ಣು ವಾಸಿಯಾದ್ಮೇಲೆ ನಾನು ಏಣಿ ಕೇಳ್ತೀನಿ.”

ಕಣ್ಣು ಸರಿಹೋದ ಮೇಲೂ ದೊಡ್ಡಕ್ಕ ಆ ಪಾತ್ರವನ್ನು ಮತ್ತೆ ಮಾಡಲಿಲ್ಲ. ಏಣಿಯನ್ನು ಮಾತ್ರ, ನಿಜವಾಗಿ ಏಣಿ ಬೇಕಾದವರಂತೆ ಕೇಳಿದರು, ಅದನ್ನೂ ಜನ ಮೆಚ್ಚಿದರು. ಆದರೆ ಅವರು ಅಂದು ತಮ್ಮ ಒಂಟಿ ಕೋಣೆಯಲ್ಲಿ ಕಾಲರಿನ ಬಗ್ಗೆ ಹೇಳಿದ್ದು ಪೂರ್ತಿ ನಿಜವೋ, ಅಥವಾ ಹೆದರಿ ಬಂದ ಹುಡುಗಿಯ ಕೈಯ ಬಿಗಿ ಬಿಡಿಸಲು ಅಷ್ಟನ್ನೇ ಹೇಳಿ ಉಳಿದದ್ದನ್ನು ಒಳಗೇ ಇಟ್ಟುಕೊಂಡರೋ ತಿಳಿಯದು. ಕಣ್ಣು ಮಂಜಾದವರು ಸುಕ್ಕು ನೋಡಲು ಒಂದು ಉಸಿರಿನಷ್ಟು ಹೊತ್ತು ಸಾಕು. ಆ ಉಸಿರಿನಲ್ಲಿ ಬೇರೇನಿತ್ತೆಂದು ಕೇಳಿದರೆ ದೊಡ್ಡಕ್ಕ ನಗುತ್ತಿದ್ದರಷ್ಟೆ. ಆ ಶನಿವಾರ ತೋಳು ಒಣಗುವವರೆಗೆ ಏನು ಯೋಚಿಸುತ್ತಿದ್ದೆ ಎಂದು ಗಂಡ ಕೇಳಿದಾಗ ಕನ್ನಡಕದವಳಿಗೂ ಹೇಳಲು ಬರಲಿಲ್ಲ. ಅದು ನಟನೆಯೋ ಬೇರೆ ಏನೋ, ಅದೂ ಗೊತ್ತಿಲ್ಲ.